ವಾದವೇ, ವಿತಂಡವೇ? ಬ್ರಯನ್ ಫ್ಯಾರೆಲರ ಪ್ರಶ್ನಪದ್ಧತಿ

ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದರಲ್ಲಿಯೇ ಮುಗಿಯುವ ಚರ್ಚೆಯನ್ನು ನೈಯಾಯಿಕರು ವಿತಂಡವೆಂದು ಕರೆದಿರುವರು. ರಾಜಕಾರಣಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು ಪ್ರಶ್ನಿಸುವ ಪ್ರಸಾರ-ಪತ್ರಕರ್ತನಿಗೆ ಈ ದೋಷವು ಸುಲಭವಾಗಿ ಅಂಟತಕ್ಕುದು; ಏಕೆಂದರೆ ಸ್ವಪಕ್ಷವನ್ನು ಹೇಳುವ ಅಧಿಕಾರವೇ ಅವನಿಗಿಲ್ಲ. ಐರ್ಲೆಂಡಿನ ೧೯೬೦ನೆಯ ಇಸವಿಯ ಪ್ರಸಾರ ಶಾಸನವು ನಿಷ್ಪಕ್ಷಪಾತವನ್ನು ವಿಧಿಸಿದ್ದಿತು. ಈ ಕಟ್ಟಿಗೆ ಒಳಪಟ್ಟು ಹಲವು ದಶಕಗಳ ಕಾಲ ಡಬ್ಲಿನ್ನಿನ ಟೆಲಿವಿಷನ್ನಿನಲ್ಲಿ ಪ್ರಶ್ನಕರ್ತರಾಗಿದ್ದ ಬ್ರಯನ್ ಫ್ಯಾರೆಲರು (೧೯೨೯–೨೦೧೪) ವೈತಂಡಿಕರಾಗದೆ ಉಳಿದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಬೆಳೆದ ಇವರು ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. ‘ಸೆವೆನ್ ಡೇಸ್’, ‘ಟುಡೇ ಟುನೈಟ್’ ಮುಂತಾದ ಕಾರ್ಯಕ್ರಮಗಳಿಂದ ಮನೆಮನೆಗೂ ಪರಿಚಿತರಾದಮೇಲೂ ಅಧ್ಯಾಪನವನ್ನು ಬಿಡಲಿಲ್ಲ. ಪಂಡಿತನು ಜನರ ನಡುವೆ ನಿಂತರೆ ಪಾಂಡಿತ್ಯವು ತೆಳುವಾಗುವುದೆಂಬ ಶಂಕೆ ವಿದ್ವನ್ಮಂಡಲಿಗಳಲ್ಲಿ ಎಲ್ಲ ಕಾಲದಲ್ಲಿಯೂ ಉಂಟು. ಫ್ಯಾರೆಲರ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಟೆಲಿವಿಷನ್ನಿನಲ್ಲಿ ಹೇಳಬಾರದ ಸಿದ್ಧಾಂತವನ್ನು ಅವರು ಗ್ರಂಥದಲ್ಲಿ ಹೇಳಿದರು. ೧೯೭೧ರಲ್ಲಿ ಪ್ರಕಟವಾದ, ಐರಿಷ್ ಶಾಸನಸಭೆಯಾದ ಡಾಯಿಲ್‌ನ ಸ್ಥಾಪನೆಯನ್ನು ಕುರಿತ ಗ್ರಂಥವೇ ಇದಕ್ಕೆ ಸಾಕ್ಷಿ. ೧೯೧೯ರಲ್ಲಿ ಬ್ರಿಟಿಷರ ಆಳ್ವಿಕೆಯನ್ನು ತಳ್ಳಿಹಾಕಿ ಕೂಡಿದ ಆ ಸಭೆಯು ಬ್ರಿಟಿಷ್ ಪಾರ್ಲಿಮೆಂಟಿನ ಮಾದರಿಯನ್ನೇ ಹಿಡಿಯಿತೆಂದು ಅವರ ಪ್ರತಿಪಾದನೆ. ಮಂತ್ರಿಯಾದವನು ಸಭೆಗೆ ಉತ್ತರ ಹೇಳತಕ್ಕವನೆಂಬ ಧರ್ಮವೂ ಅದರೊಡನೆಯೇ ಬಂದಿತಷ್ಟೆ. ಫ್ಯಾರೆಲರ ಪ್ರಶ್ನೆಗಳು ಈ ನೆಲೆಯಿಂದ ಹೊರಡುವುವು. ೧೯೮೨ರ ಚುನಾವಣೆಯಲ್ಲಿ ಚಾರ್ಲ್ಸ್ ಹಾಹಿ, ಗ್ಯಾರೆಟ್ ಫಿಟ್ಸ್‌ಜೆರಲ್ಡ್ ಇವರೀರ್ವರ ಟೆಲಿವಿಷನ್ ವಾದಕ್ಕೆ ಅವರೇ ಮಧ್ಯಸ್ಥರಾದುದು ಉಚಿತವೇ ಸರಿ.

ಆದರೆ ಅದೇ ೧೯೭೧ರ ಇನ್ನೊಂದು ಗ್ರಂಥವಾದ ‘ಚೇರ್ಮನ್ ಆರ್ ಚೀಫ್?’ ಎಂಬುದರಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಐರಿಷ್ ಪ್ರಧಾನಿಯು ಸಭೆಯನ್ನು ನಡೆಸುವ ಅಧ್ಯಕ್ಷನೋ, ಆಜ್ಞಾಪಿಸುವ ನಾಯಕನೋ ಎಂಬುದು ಅಲ್ಲಿಯ ವಿಕಲ್ಪ. ಪರಸ್ಪರ ವಿರುದ್ಧವಾದ ಎರಡು ಕೋಟಿಗಳಲ್ಲಿ ಮಾತ್ರ ವಿಕಲ್ಪವು ಸಲ್ಲುವುದು. ಇಲ್ಲಿ ಆ ವಿರೋಧವೇ ಸಿದ್ಧವಾಗಿಲ್ಲ. ಡಿ ವೆಲೆರಾ ಅವರನ್ನು ನೋಡಬಹುದು. ಅನುಯಾಯಿಗಳಿಗೆ ಅವರು ಪ್ರಶ್ನಾತೀತ ನಾಯಕರು. ಮಂತ್ರಿಮಂಡಲದಲ್ಲಿಯಾದರೋ ಎಲ್ಲರೂ ಒಮ್ಮತಕ್ಕೆ ಬರುವವರೆಗೆ ಚರ್ಚೆಯನ್ನು ಬೆಳೆಯಗೊಡುತ್ತಿದ್ದ ತಾಳ್ಮೆಯ ಅಧ್ಯಕ್ಷರು. ಅವರ ಉತ್ತರಾಧಿಕಾರಿ ಷಾನ್ ಲೆಮಾಸರು ಶೀಘ್ರನಿರ್ಣಯಕ್ಕೆ ಹೆಸರಾದವರು. ಒಬ್ಬನಲ್ಲಿಯೇ ಎರಡು ಧರ್ಮಗಳೂ ಇರುವಾಗ ‘ಅದೋ ಇದೋ’ ಎಂದು ಕೇಳುವುದು, ಜಾರಿಕೊಳ್ಳುವ ಮಂತ್ರಿಯನ್ನು ಹಿಡಿದು ನಿಲ್ಲಿಸಲು ಸ್ಟುಡಿಯೋದಲ್ಲಿ ತಕ್ಕ ಉಪಾಯವಾದೀತು. ಶಾಸ್ತ್ರಗ್ರಂಥಕ್ಕೆ ಅದು ಸಾಲದು. ಪ್ರಶ್ನಕರ್ತರ ಅಭ್ಯಾಸವು ಅಧ್ಯಾಪಕರ ಲೇಖನಿಯೊಳಗೆ ನುಸುಳಿದೆಯೆಂದೇ ಹೇಳಬೇಕು. ಹಾಗಿದ್ದರೂ, ಐರಿಷ್ ಪ್ರಧಾನಿಗಳನ್ನು ಕುರಿತು ಅನಂತರ ಬರೆದವರಲ್ಲಿ ಅನೇಕರು ಆ ಎರಡು ಪದಗಳಿಂದಲೇ ವಿಚಾರವನ್ನು ಆರಂಭಿಸಿರುವರು.