ಬರೆಯಲು ಬಿಡದ ಒಂದು ಷರತ್ತು

ಲಿನಕ್ಸ್‌ನ ಧ್ವನಿ ವ್ಯವಸ್ಥೆ ಅಲ್ಸಾದಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಪುಟ್ಟ ಷರತ್ತು. ವಾಲ್ಯೂಮ್, ಮ್ಯೂಟ್, ಮೈಕ್ ಬೂಸ್ಟ್ ಎಲ್ಲವೂ ಅಲ್ಲಿ ಕಂಟ್ರೋಲ್‌ಗಳು. ಯಾವುದಾದರೂ ಪ್ರೋಗ್ರಾಂ ಒಂದನ್ನು ಬದಲಿಸಲು ಬಂದರೆ ಕರ್ನೆಲ್ ಮೊದಲು ಪರೀಕ್ಷಿಸುತ್ತದೆ: ಇದಕ್ಕೆ ಬರೆಯುವ ಅನುಮತಿಯ ಬಿಟ್ ಇದೆಯೇ, ಡ್ರೈವರ್ ಬರೆಯುವ ಫಂಕ್ಷನ್ ಕೊಟ್ಟಿದೆಯೇ, ಬೇರೊಂದು ಪ್ರೋಗ್ರಾಂ ಇದಕ್ಕೆ ಬೀಗ ಹಾಕಿಕೊಂಡಿಲ್ಲ ತಾನೇ? ಒಂದು ತಪ್ಪಿದರೂ ಅನುಮತಿಯಿಲ್ಲ ಎಂಬ ಉತ್ತರ. ಕೋರಿಕೆ ಹಾರ್ಡ್‌ವೇರಿನ ರಿಜಿಸ್ಟರ್ ಮುಟ್ಟುವುದೇ ಇಲ್ಲ.

ಹೆಡ್‌ಫೋನ್ ಜ್ಯಾಕಿನ ಸ್ಥಿತಿ ತಿಳಿಸುವ ಕಂಟ್ರೋಲನ್ನೇ ನೋಡಿ. ಅದು ಓದುವುದಕ್ಕೆ ಮಾತ್ರ. ಪ್ಲಗ್ ಚುಚ್ಚಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಜ್ಯಾಕ್. ಅಲ್ಲಿ ಯಾರಾದರೂ ಸುಳ್ಳು ಬರೆಯುವಂತಿದ್ದರೆ, ಅದನ್ನು ನಂಬಿದ ಸೌಂಡ್ ಸರ್ವರ್ ಸ್ಪೀಕರನ್ನು ಸುಮ್ಮನಾಗಿಸಿ ಖಾಲಿ ಜ್ಯಾಕಿಗೆ ಹಾಡು ಕಳಿಸುತ್ತಿತ್ತು.

ಈ ಕಾವಲು ಒಂದೊಂದು ಡ್ರೈವರಿನಲ್ಲಿ ಚದುರಿಲ್ಲ, ಎಲ್ಲಕ್ಕೂ ಸಾಮಾನ್ಯವಾದ ಒಂದೇ ಕಡತದಲ್ಲಿದೆ. ನಾನು ಮೆಚ್ಚುವುದು ಇದನ್ನೇ. ಡ್ರೈವರ್ ಬರೆಯುವವರು ಅನುಮತಿಯನ್ನು ಘೋಷಿಸಿದರೆ ಸಾಕು, ಜಾರಿಗೆ ತರುವ ಹೊಣೆ ಅವರದಲ್ಲ. ನನ್ನ ತಕರಾರು ಒಂದೇ: ಘೋಷಣೆಯ ಜಾಗ ಖಾಲಿ ಬಿಟ್ಟರೆ ಅಲ್ಸಾ ಓದು, ಬರಹ ಎರಡಕ್ಕೂ ಅನುಮತಿ ಕೊಟ್ಟುಬಿಡುತ್ತದೆ. ಓದು ಮಾತ್ರ ಎಂದಿದ್ದರೆ ಚೆನ್ನಾಗಿತ್ತು.