ಗಮಕ ಸಭೆಯಲ್ಲಿ ಮೌನದ ಪಾಲು

ಕುಮಾರವ್ಯಾಸ ಭಾರತವು ಒಬ್ಬನೇ ಕುಳಿತು ಕಣ್ಣಿನಿಂದ ಓದಿ ಮುಗಿಸತಕ್ಕ ಗ್ರಂಥವಲ್ಲ. ಒಬ್ಬರು ರಾಗವಾಗಿ ವಾಚಿಸಲು, ಮತ್ತೊಬ್ಬರು ಅರ್ಥವನ್ನು ಬಿಡಿಸಿ ಹೇಳಲು, ನೆರೆದವರು ಕಿವಿಗೊಟ್ಟು ಕೇಳಲು, ಈ ಮೂವರ ಕೂಟದಲ್ಲಿ ಅದು ಮನೆಯ ಜಗಲಿಗಳಲ್ಲಿಯೂ ದೇವಾಲಯಗಳಲ್ಲಿಯೂ ಬಾಳಿ ಬಂದಿದೆ. ಅಕ್ಷರವರಿಯದವರೂ ಕರ್ಣನನ್ನು ಮನೆಯ ನಂಟನಂತೆ ಅರಿತದ್ದು ಈ ಕೂಟದಿಂದಲೇ. 2022ರಲ್ಲಿ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದುದರಿಂದ ಈ ಕಲೆಗೆ ದೇಶದ ಮನ್ನಣೆಯೂ ದೊರೆಯಿತು. ಆದರೆ ಮನ್ನಣೆ ಪಡೆದ ಕಲೆಯನ್ನು ವಿಮರ್ಶೆಯಿಂದ ದೂರವಿಡುವುದು ಅದಕ್ಕೆ ಉಪಕಾರವಲ್ಲ. ವಾಚಕನ ಕಂಠವನ್ನೂ ವ್ಯಾಖ್ಯಾನಕಾರನ ಪಾಂಡಿತ್ಯವನ್ನೂ ಕುರಿತು ಮಾತು ಬೇಕಾದಷ್ಟು ನಡೆಯುತ್ತದೆ. ಮೂರನೆಯವನಾದ ಶ್ರೋತೃವಿನ ಪಾಲೇನೆಂಬ ವಿಚಾರ ಮಾತ್ರ ಹಿಂದೆ ಬೀಳುತ್ತದೆ.

ಆ ಪಾಲು ಮೌನವಾದ ಚಿಂತನೆ. ಭಾಮಿನೀ ಷಟ್ಪದಿಯ ಕಟ್ಟಡದಲ್ಲಿಯೇ ಅದಕ್ಕೆ ಎಡೆಯಿದೆ. ಒಂದು, ಎರಡು, ನಾಲ್ಕು, ಐದನೆಯ ಪಾದಗಳು 14 ಮಾತ್ರೆಗಳಲ್ಲಿ ಚುರುಕಾಗಿ ಸಾಗುತ್ತವೆ. ಮೂರನೆಯ ಮತ್ತು ಆರನೆಯ ಪಾದಗಳು 23 ಮಾತ್ರೆಗಳವರೆಗೆ ನೀಳವಾಗಿ ಹರಿದು ಕಡೆಯ ಗುರುವಿನ ಮೇಲೆ ನಿಲ್ಲುತ್ತವೆ. ಆ ನಿಲುಗಡೆಯಲ್ಲಿ ಗಮಕಿಯು ಉಸಿರು ತೆಗೆದುಕೊಳ್ಳುವನು. ಕೇಳುವವನು ಕೇಳಿದುದನ್ನು ತನ್ನದಾಗಿಸಿಕೊಳ್ಳುವನು.

ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನನ್ನು ಮೈದುನತನದ ಸಲಿಗೆಯಿಂದ ರಥದಲ್ಲಿ ತನ್ನ ಬಳಿ ಕುಳ್ಳಿರಿಸಿಕೊಂಡು ಜನ್ಮರಹಸ್ಯವನ್ನು ತಿಳಿಸುವ ಪ್ರಸಂಗವನ್ನು ನೋಡಬಹುದು. ರಾಜ್ಯದ ಆಸೆಯನ್ನು ಮುಂದಿಟ್ಟಾಗ ಕರ್ಣನು ಕೂಡಲೇ ಉತ್ತರ ಕೊಡುವುದಿಲ್ಲ. ಕೊರಳ ನರಗಳು ಉಬ್ಬುತ್ತವೆ, ಕಣ್ಣು ತುಂಬುತ್ತದೆ. ಕೌರವನಿಗೆ ಕೇಡಾಯಿತೆಂದು ಅವನು ಮನಸ್ಸಿನೊಳಗೇ ಮರುಗುತ್ತಾನೆ. ತನಗೆ ಲಾಭವಾಗಬೇಕಾದ ಮಾತಿನಲ್ಲಿ ಒಡೆಯನ ನಾಶವನ್ನು ಮೊದಲು ಕಾಣುವ ಈ ಮನಸ್ಸನ್ನು ಕವಿಯು ಮಾತಿಲ್ಲದೆ ತೋರಿಸಿದ್ದಾನೆ. ಇಲ್ಲಿ ವ್ಯಾಖ್ಯಾನಕಾರನು ಕೃತಜ್ಞತೆಯ ಮೇಲೆ ಅರ್ಧ ಗಂಟೆಯ ಉಪನ್ಯಾಸ ಮಾಡಿದರೆ, ಕವಿ ಮುಚ್ಚಿಟ್ಟುದನ್ನು ಬಯಲು ಮಾಡಿದಂತಾಯಿತೇ ಹೊರತು ಅರ್ಥವನ್ನು ಬೆಳಗಿಸಿದಂತಾಗಲಿಲ್ಲ. ಕರ್ಣನು ಮೌನವಾಗಿರುವ ಸ್ಥಳದಲ್ಲಿ ಸಭೆಯೂ ಮೌನವಾಗಿರಲು ಅವಕಾಶವಿರಬೇಕಲ್ಲವೆ?

ವ್ಯಾಖ್ಯಾನವಿಲ್ಲದೆ ಹಳೆಯ ಮಾತುಗಳು ಈಗಿನವರಿಗೆ ತಿಳಿಯವೆಂಬ ಆಕ್ಷೇಪ ನಿಜವಾದುದೇ. ಪದದ ಅರ್ಥವನ್ನೂ ಕಥಾಸಂದರ್ಭವನ್ನೂ ಹೇಳದೆ ಬಿಡುವುದು ಸಭೆಗೆ ಅನ್ಯಾಯ. ಆದರೆ ಅವೆಲ್ಲವನ್ನೂ ಪದ್ಯಕ್ಕೆ ಮುಂಚೆಯೇ ಹೇಳಿ, ವಾಚನವಾದ ಬಳಿಕ ಕ್ಷಣಕಾಲ ಸುಮ್ಮನಿರುವುದು ಅಸಾಧ್ಯವಲ್ಲ. ದೀಪ ಹಚ್ಚಿದವನು ದೀಪದ ಮುಂದೆಯೇ ನಿಂತರೆ ಬೆಳಕು ಯಾರಿಗೆ?

ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಕಥೆಯನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಮುಂದುವರಿಸಿ ಪೂರ್ಣಗೊಳಿಸಿದನು. ಭಾರತದಂಥ ಕಥೆ ಒಬ್ಬನ ಸ್ವತ್ತಲ್ಲ; ಒಬ್ಬನು ನಿಲ್ಲಿಸಿದೆಡೆಯಲ್ಲಿ ಇನ್ನೊಬ್ಬನ ಕೆಲಸ ಆರಂಭವಾಗುತ್ತದೆ. ಕವಿಯ ತರುವಾಯ ಗಮಕಿ, ಗಮಕಿಯ ತರುವಾಯ ವ್ಯಾಖ್ಯಾನಕಾರ. ಕಡೆಯ ಕೆಲಸ ಕೇಳುವವನದು. ಸಭೆ ಮುಗಿದು ಮನೆಗೆ ನಡೆಯುವಾಗ ತಂದೆಯ ಕೈ ಹಿಡಿದ ಹುಡುಗನು ಕರ್ಣನು ಏಕೆ ಅತ್ತನೆಂದು ತಾನಾಗಿ ಕೇಳಿದರೆ, ಆ ದಿನದ ವಾಚನ ಸಾರ್ಥಕವಾಯಿತು. ಅವನು ಕೇಳುವುದಕ್ಕೆ ಏನನ್ನೂ ಉಳಿಸದಂತೆ ಎಲ್ಲವನ್ನೂ ಹೇಳಿಬಿಡುವ ವ್ಯಾಖ್ಯಾನವು ಎಷ್ಟು ಪಾಂಡಿತ್ಯಪೂರ್ಣವಾದರೂ ಅಪೂರ್ಣವೇ ಸರಿ.