ಮೆರವಣಿಗೆ ಮತ್ತು ಪಂಕ್ತಿ

ಬೆಂಗಳೂರಿನಲ್ಲಿ 2008ರಿಂದ ನಡೆದಿರುವ ಪ್ರೈಡ್ ಮೆರವಣಿಗೆಯ ಕಾಮನಬಿಲ್ಲಿನ ಬಾವುಟ ಅಮೆರಿಕದ್ದು ಅಂತ ಮೂಗು ಮುರಿಯಬೇಕಿಲ್ಲ. ಅಂಬೇಡ್ಕರರೂ 1946ರಲ್ಲಿ ಅಲ್ಲಿನ ಕರಿಯರ ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದಿದ್ದರು. ಆದರೆ ಒಗ್ಗಟ್ಟನ್ನು ಅಳೆಯುವ ಕೋಲು ನಮ್ಮಲ್ಲೇ ಇದೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮಂಟೇಸ್ವಾಮಿ ಒಕ್ಕಲಿನವರು ಕಾವೇರಿ ದಾಟಿ ಚಿಕ್ಕಲ್ಲೂರು ಜಾತ್ರೆಗೆ ಹೋಗಿ, ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಉಣ್ಣುತ್ತಾರೆ. ಜೊತೆಗೆ ನಡೆಯೋದು ಸುಲಭ, ಉಣ್ಣೋದು ಕಷ್ಟ. 2018ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ಪ್ರೇಮ ಅಪರಾಧವಲ್ಲ ಅಂದಿತು. ಬಾಡಿಗೆ ಮನೆ ಕೇಳಿದರೆ ‘ನೀವು ಯಾವ ಜನ?’ ಅನ್ನೋ ಪ್ರಶ್ನೆ ಹೋಗಿಲ್ಲ. ಹಿಜಡಾ ಸಮುದಾಯದ ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ಅದನ್ನು ದಲಿತ ಆತ್ಮಕತೆಗಳ ಪಕ್ಕ ಇಟ್ಟು ಓದಬೇಕು: ಎರಡರಲ್ಲೂ ಮೈಗೇ ಮೈಲಿಗೆ ಅಂಟಿಸಿದ್ದಾರೆ. ಮೆರವಣಿಗೆ ಜಾತಿಯ ಮಾತೆತ್ತಲಿ. ನಮ್ಮ ಪಂಕ್ತಿಯೂ ರೇವತಿಯಂಥವರಿಗೆ ಎಲೆ ಹಾಕಲಿ.